ಕೆಂಪು ಔಷಧಿಗೆ ಮೊದಲು

ನನ್ನ ಅಕ್ಕನ ಎದೆಯಲ್ಲಿ ಗಂಟು ಕಾಣಿಸಿಕೊಂಡಾಗ ಅವಳಿಗೆ ಮೂವತ್ತೆಂಟು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಂಕಲಿಯ ನಮ್ಮ ಮನೆಯಿಂದ ಅವಳನ್ನು ಕಾಗವಾಡದ ಹತ್ತಿರದ ಒಂದು ಹಳ್ಳಿಗೆ, ದೊಡ್ಡ ದ್ರಾಕ್ಷಿ ತೋಟವಿದ್ದ ಮನೆಗೆ ಕೊಟ್ಟಿದ್ದರು. ಅವರೂ ನಮ್ಮ ಹಾಗೆ ಜೈನರು. ನಾನು ಅಥಣಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮದುವೆ ಆಗಿರಲಿಲ್ಲ. ಹಾಗಾಗಿ ಎರಡೂ ಮನೆಯವರ ಕಣ್ಣಿಗೆ ನಾನು ಯಾವಾಗ ಕರೆದರೂ ಬರಬಲ್ಲವಳು. ಕರೆದಾಗಲೆಲ್ಲ ಹೋದೆ.

ಮಿರಜಿನಲ್ಲಿ ಆಪರೇಷನ್ ಆಯಿತು. ಅದಾದ ಮೇಲೆ ಮೂರು ವಾರಕ್ಕೊಮ್ಮೆ, ಒಟ್ಟು ಆರು ಸಲ, ಸಲಾಯಿನ್ ಜೊತೆ ಔಷಧಿ ಏರಿಸಬೇಕೆಂದರು. ಆ ಔಷಧಿಯ ಬಣ್ಣ ಕೆಂಪು. ಮೊದಲ ಸಲ ನರ್ಸ್ ಅದನ್ನು ಸಿರಿಂಜಿನಲ್ಲಿ ತಂದಾಗ ಅಕ್ಕ, "ಇದೇನ ಬೇ, ಕೋಕಮ್ ಸರಬತ್ತ ಇದ್ದಂಗ ಐತಿ" ಎಂದು ನಕ್ಕಳು. ಸಂಜೆಗೆ ಮೂತ್ರವೂ ಕೆಂಪಾದಾಗ ನಗಲಿಲ್ಲ.

ಔಷಧಿ ಏರಿ ಮುಗಿದು, ಬಸ್ಸು ಹಿಡಿದು ಊರು ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ದಿನವಿಡೀ ವಾಂತಿ ಮಾಡಿಕೊಂಡು ಬಂದವಳಿಗೆ ಒಂದು ಲೋಟ ಗಂಜಿಯಾದರೂ ಕೊಡಿ ಎಂದು ನಾನು ಕೇಳಿದರೆ ಅವಳ ಅತ್ತೆ, "ಆಕೀಗೇ ಬ್ಯಾಡಂತ. ನಿಂದೇನ ನಡುವ?" ಎನ್ನುತ್ತಿದ್ದಳು. ಅಕ್ಕ ಬೇಡವೆಂದೇ ಹೇಳುತ್ತಿದ್ದಳು, ನಿಜ. ಬೇಕು ಎನ್ನುವ ಮಾತು ಆ ಮನೆಯಲ್ಲಿ ಅವಳ ಬಾಯಿಂದ ಬಂದದ್ದನ್ನು ನಾನು ಒಮ್ಮೆಯೂ ಕೇಳಿಲ್ಲ.

ಎರಡನೇ ಸಲಕ್ಕೆ ಕೂದಲು ಪೂರ್ತಿ ಹೋಯಿತು. ನಮ್ಮಲ್ಲಿ ಸನ್ಯಾಸ ತೆಗೆದುಕೊಂಡ ಹೆಂಗಸರು ತಲೆಗೂದಲನ್ನು ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ಅದನ್ನು ನೆನೆಸಿಕೊಂಡು ನೆರೆಮನೆಯವಳೊಬ್ಬಳು, "ಕಿತ್ಕೊಳ್ಳೋ ತ್ರಾಸ ಇಲ್ದನ ಮಾತಾಜಿ ಆದೆಲ್ಲವ್ವಾ" ಎಂದಳು. ಅಂಗಳದಲ್ಲಿದ್ದವರೆಲ್ಲ ನಕ್ಕರು. ಅಕ್ಕ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಒಳಗೆ ಹೋದಳು. ಆಗ ನನಗಿನ್ನೂ ಜಗಳ ಮಾಡಲು ಬರುತ್ತಿರಲಿಲ್ಲ.

ಆರೂ ಸಲ ಮುಗಿಯಿತು. ಕ್ಯಾನ್ಸರ್ ಹೋಗಿದೆ ಎಂದರು. ಅಕ್ಕನ ಮಾವ ಬಸದಿಯಲ್ಲಿ ಪೂಜೆ ಮಾಡಿಸಿ ಓಣಿಗೆಲ್ಲ ಪೇಢೆ ಹಂಚಿದ. ಅಕ್ಕನಿಗೆ ಕೂದಲು ಮತ್ತೆ ಬಂತು, ಮೊದಲಿಗಿಂತ ಗುಂಗುರಾಗಿ.

ಅದೇ ವರ್ಷ ಚಳಿಗಾಲದಲ್ಲಿ ಅವಳಿಗೆ ದಮ್ಮು ಹತ್ತತೊಡಗಿತು. ದ್ರಾಕ್ಷಿ ಗೊನೆಯಲ್ಲಿ ಒತ್ತಾದ ಕಾಳುಗಳನ್ನು ಕತ್ತರಿಯಿಂದ ತೆಗೆಯುವ ಕೆಲಸದಲ್ಲಿ ಆ ತೋಟದಲ್ಲಿ ಅವಳಷ್ಟು ಚುರುಕಿನವರು ಇರಲಿಲ್ಲ. ಈಗ ಅರ್ಧ ಸಾಲು ಮುಗಿಯುವ ಮೊದಲೇ ಬಳ್ಳಿಯ ಕೆಳಗೆ ಕೂತುಬಿಡುತ್ತಿದ್ದಳು. ಎರಡು ಕೊಡ ನೀರು ತಂದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಅತ್ತೆ ಬಂದವರ ಮುಂದೆಲ್ಲ, "ರೋಗ ಹೋತು, ಮೈಗಳ್ಳತನ ಉಳೀತು" ಎಂದು ಹೇಳತೊಡಗಿದಳು. ಅಕ್ಕನ ಗಂಡ ತನ್ನ ಅಪ್ಪ ಅವ್ವನ ಮುಂದೆ ಬಾಯಿ ತೆರೆದವನಲ್ಲ. ಆಗಲೂ ತೆರೆಯಲಿಲ್ಲ.

ಪಾದಗಳು ಬಾತು ಕಾಲುಂಗುರ ಬೆರಳಿನೊಳಗೆ ಹೂತುಹೋದವು. ಪತ್ತಾರನನ್ನು ಕರೆಸಿ ಅವನ್ನು ಕತ್ತರಿಸಿ ತೆಗೆಸಬೇಕಾಯಿತು. "ಗಂಡ ಗಟ್ಟಿ ಇದ್ದಾಗ ಕಾಲುಂಗ್ರ ತಗಸ್ಯಾಳ, ಎಂಥಾ ಅಪಶಕುನ" ಎಂದು ಅತ್ತೆ ಎರಡು ದಿನ ಅತ್ತಳು. ಬಾತ ಕಾಲಿನ ಬಗ್ಗೆ ಯಾರೂ ಅಳಲಿಲ್ಲ. ಸುದ್ದಿ ತಿಳಿದು ನಾನು ಹೋದಾಗ ಅಕ್ಕ ಗೋಡೆಗೆ ಮೂರು ತಲೆದಿಂಬು ಒರಗಿಸಿಕೊಂಡು ಕೂತಿದ್ದಳು. "ಅಡ್ಡಾದ್ರ ನೀರಾಗ ಮುಳುಗಿದಂಗ ಆಗತೈತಿ" ಎಂದಳು. ಮರುದಿನವೇ ಅವಳನ್ನು ಕೊಲ್ಹಾಪುರಕ್ಕೆ ಕರೆದುಕೊಂಡು ಹೋದೆ. ಯಾರನ್ನೂ ಕೇಳಲಿಲ್ಲ.

ಅಲ್ಲಿ ಹೃದಯ ನೋಡಿದವಳು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್. ಅಕ್ಕನ ಹೃದಯ ಇರಬೇಕಾದ ಬಲದ ಅರ್ಧದಷ್ಟೂ ಉಳಿಸಿಕೊಂಡಿಲ್ಲ ಎಂದಳು. ಹಳೆಯ ಚೀಟಿಗಳನ್ನು ನೋಡಿ, ಆ ಕೆಂಪು ಔಷಧಿ ಕ್ಯಾನ್ಸರನ್ನು ಕೊಲ್ಲುವಾಗ ಕೆಲವರಲ್ಲಿ ಹೃದಯದ ಸ್ನಾಯುವನ್ನೂ ಸುಡುತ್ತದೆ, ಅದು ಗೊತ್ತಿರುವ ವಿಷಯ ಎಂದಳು. ಆಮೇಲೆ ಮರಾಠಿಯಲ್ಲಿ, ತೀರ ಸಹಜವಾಗಿ ಕೇಳಿದಳು:

"ಕೆಂಪು ಔಷಧಿಗೆ ಮೊದಲು ಹೃದಯ ಕಾಯುವ ಇಂಜೆಕ್ಷನ್ ಕೊಟ್ಟಿರಲಿಲ್ಲವೇ?"

ಅಂಥದ್ದೊಂದು ಇದೆಯೆಂದೇ ನಮಗೆ ಗೊತ್ತಿರಲಿಲ್ಲ. ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತಿಳಿಸಿದಳು. ಕೆಂಪು ಔಷಧಿ ಹೃದಯದೊಳಗಿನ ಕಬ್ಬಿಣದ ಅಂಶದ ಜೊತೆ ಕೂಡಿ ಕೆಡುಕು ಮಾಡುತ್ತದೆ. ಈ ಇನ್ನೊಂದು ಔಷಧಿ ಮೊದಲೇ ಹೋಗಿ ಆ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಪರದೇಶದಲ್ಲಿ ಕೊಡತೊಡಗಿದ್ದಾರೆ, ಇಲ್ಲಿ ಇನ್ನೂ ಅಪರೂಪ, ಮುಂಬೈಯಿಂದ ತರಿಸಬೇಕು. ನಾನು ಎಂಟನೇ ಇಯತ್ತೆಯ ಮಕ್ಕಳಿಗೆ ಪ್ರತಿ ವರ್ಷ ಹೃದಯದ ನಾಲ್ಕು ಕೋಣೆ ತೋರಿಸಿದವಳು. ಆರು ಸಲ ಆ ಕೆಂಪು ಔಷಧಿಯ ಪಕ್ಕದಲ್ಲಿ ಕೂತಿದ್ದೆ. ಇದು ಮತ್ತೇನು ಮಾಡುತ್ತದೆ ಎಂದು ಒಂದು ಸಲವೂ ಕೇಳಿರಲಿಲ್ಲ. ನನ್ನ ಮೇಲೆ ನನಗೆ ಹೇಸಿಗೆಯಾಯಿತು.

ಅಕ್ಕನನ್ನು ಗಂಡನ ಮನೆಗೆ ಬಿಟ್ಟು, ವಾರ ಕಳೆಯುವುದರೊಳಗೆ ಮಿರಜಿಗೆ ಹೋಗಿ ಅವಳ ಫೈಲು ತೆಗೆಸಿದೆ. ಮೂರನೇ ಸಲದ ಹಾಳೆಯಲ್ಲಿ ಆ ಇಂಜೆಕ್ಷನ್ನಿನ ಹೆಸರಿತ್ತು. ಅದರ ಮುಂದೆ ಇಂಗ್ಲಿಷಿನಲ್ಲಿ, ಸಂಬಂಧಿಕರಿಗೆ ಒಪ್ಪಿಗೆಯಿಲ್ಲ ಎಂದು ಬರೆದಿತ್ತು. ಸಂಬಂಧಿಕರು! ಆ ದಿನ ಅಕ್ಕನ ವಾಂತಿಗೆ ತಾಟು ಹಿಡಿದು ಕೂತಿದ್ದವಳು ನಾನು.

ಔಷಧಿ ಏರಿಸಿದ್ದ ಡಾಕ್ಟರ್ ವಯಸ್ಸಾದವರು. ತಪ್ಪು ಮಾಡಿದವರ ಮುಖ ಅವರದಾಗಿರಲಿಲ್ಲ.

"ನಾ ಆಕೀ ಮಾವನ್ನ ಹೊರಗ ಕರದು ಹೇಳಿದ್ದೆ ನೋಡ್ರಿ. ತರಿಸೋಣು ಅಂತ ಅಂದಿದ್ದೆ. ಮನೀ ಹಿರೇರು ಬ್ಯಾಡ ಅಂದ್ರು."

"ಪೇಶಂಟಿಗೆ ಹೇಳಿದ್ರೇನ್ರಿ?"

"ಆಕೀಗೆ ಏನ್ ತಿಳೀತೈತಿ? ಅದೂ ಅಂಥಾ ಹೊತ್ತಿನ್ಯಾಗ."

"ಮೆಟ್ರಿಕ್ ಪಾಸಾಗ್ಯಾಳ್ರಿ ಆಕಿ. ತೋಟದ ಔಷಧಿ ಡಬ್ಬಿ ಮ್ಯಾಲ ಬರದದ್ದು ಮನೀಮಂದಿಗೆಲ್ಲ ಓದಿ ಹೇಳಾಕಿ ಆಕೀನ."

ಅವರು ಫೈಲು ಮುಚ್ಚಿದರು. "ಕೊಟ್ಟಿದ್ರೂ ಖಾತ್ರಿ ಇರ್ಲಿಲ್ಲ, ತಿಳ್ಕೋರಿ" ಎಂದರು. ಅದು ನಿಜವಿರಬಹುದು. ನಾನು ಖಾತ್ರಿ ಕೇಳಲು ಹೋಗಿರಲಿಲ್ಲ. ನನ್ನ ದನಿ ಏರಿದ್ದಕ್ಕೆ ಹೊರಗಿನಿಂದ ಜವಾನ ಬಂದು ಬಾಗಿಲಲ್ಲಿ ನಿಂತ.

ಅಲ್ಲಿಂದ ನೇರವಾಗಿ ಅಕ್ಕನ ಊರಿಗೆ ಹೋದೆ. ಅವಳ ಮಾವ ಅಂಗಳದಲ್ಲಿ ಕೂತು ಒಣದ್ರಾಕ್ಷಿ ಆರಿಸುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಆಪರೇಷನ್ ದಿನ ನೀರು ಸಹ ಕುಡಿಯದೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದ. ಅದು ನೆನಪಾದರೆ ನನ್ನ ಸಿಟ್ಟು ಇನ್ನೂ ಹೆಚ್ಚಾಗುತ್ತದೆ.

"ಕಾಕಾ, ಹೃದಯ ಕಾಯೋ ಇಂಜೆಕ್ಷನ್ ಬ್ಯಾಡ ಅಂದ್ರೇನು ನೀವು?"

ನೆನಪು ಮಾಡಿಕೊಳ್ಳಲು ಅವನಿಗೆ ಕೊಂಚ ಹೊತ್ತು ಬೇಕಾಯಿತು. "ಹೌದ ತಂಗಿ. ಆಕೀ ಹೃದಯಕ್ಕ ಆಗ ಏನಾಗಿತ್ತು? ನಾವ್ ಹೋಗಿದ್ದು ಎದೀ ಗಂಟಿಗೆ. ಇಲ್ಲದ ರೋಗಕ್ಕ ಮತ್ತೊಂದ ಸೂಜಿ ಯಾಕ ಚುಚ್ಚಸೋದಂತ ಬ್ಯಾಡಂದೆ. ರೊಕ್ಕದ ಮಾತಲ್ಲದು."

ರೊಕ್ಕದ ಮಾತಲ್ಲ ಎಂದು ನನಗೂ ಗೊತ್ತಿತ್ತು. ರೊಕ್ಕದ ಮಾತಾಗಿದ್ದರೆ ಒಳ್ಳೆಯದಿತ್ತು ಅನಿಸಿತು, ನಾವು ಎಲ್ಲಿಂದಾದರೂ ತರುತ್ತಿದ್ದೆವು. ನಾನು ಚೀರಿದೆ:

"ಮೋಡ ಕವದ್ರ ಸಾಕು ನೀವು, ರೋಗ ಬರೂಕಿಂತ ಮೊದ್ಲ ದ್ರಾಕ್ಷಿಗೆ ಔಷಧಿ ಹೊಡಸ್ತೀರಿ! ಎಲಿ ಮ್ಯಾಲ ಒಂದ ಕಲೀ ಇರೂದಿಲ್ಲ, ಆದ್ರೂ ಹೊಡಸ್ತೀರಿ! ಬಳ್ಳಿಗೆ ತಿಳಿದಿದ್ದು ಸೊಸೀಗೆ ತಿಳೀಲಿಲ್ಲೇನ್ರಿ?"

ಅವನು ಕೈಯಲ್ಲಿದ್ದ ಒಣದ್ರಾಕ್ಷಿಯನ್ನು ರಾಶಿಗೆ ಹಾಕಿದ.

"ಆಕೀನ್ನ ಯಾಕ ಕೇಳಲಿಲ್ಲ?" ಎಂದೆ.

"ಆಕೀನ್ನ ಏನ್ ಕೇಳೋದು?" ಎಂದ. ಸುಳ್ಳು ಹೇಳುತ್ತಿರಲಿಲ್ಲ, ತಪ್ಪಿಸಿಕೊಳ್ಳುತ್ತಲೂ ಇರಲಿಲ್ಲ. ನನ್ನ ಪ್ರಶ್ನೆ ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಮಾವನ ಎದುರು ನಿಂತು ಮಾತಾಡಿದ್ದು ನಾನು ಕಂಡಂತೆ ಅದೊಂದೇ ಸಲ. ನಡುನಡುವೆ ಉಸಿರು ತೆಗೆದುಕೊಳ್ಳುತ್ತ ಹೇಳಿದಳು: "ಮಾವಾರ, ನನ್ನ ಕೇಳಿದ್ರ ಹೂಂ ಅಂತಿದ್ನೋ ಉಹೂಂ ಅಂತಿದ್ನೋ ಗೊತ್ತಿಲ್ರಿ. ಆದ್ರ ಕೇಳಬೇಕಿತ್ರಿ. ಹೃದಯ ನಂದು." ಆಮೇಲೆ ನನ್ನ ಕಡೆ ತಿರುಗಿ, "ನಡೀ, ನಿನ್ನ ಮನೀಗೆ ಹೋಗೂಣು" ಎಂದಳು. ಅತ್ತೆ ಬಾಗಿಲಿಗೆ ಅಡ್ಡ ಬಂದಳು. ಅಕ್ಕ ಅವಳನ್ನು ಬಳಸಿಕೊಂಡು ಹೊರಬಂದಳು.

ಅಥಣಿಯ ನನ್ನ ಎರಡು ಕೋಣೆಯ ಮನೆಯಲ್ಲಿ ಅಕ್ಕ ಮೂರು ವರ್ಷ ಇದ್ದಳು. ಗುಳಿಗೆಗಳಿಂದ ಕಾಲಿನ ಬಾವು ಇಳಿಯಿತು, ದಮ್ಮು ಪೂರ್ತಿ ಹೋಗಲಿಲ್ಲ. ಕೂತಲ್ಲೇ ತರಕಾರಿ ಹೆಚ್ಚುತ್ತಿದ್ದಳು, ನನ್ನ ಶಾಲೆಯ ಹುಡುಗಿಯರಿಗೆ ಕಸೂತಿ ಹೇಳಿಕೊಡುತ್ತಿದ್ದಳು. ಅವಳ ಗಂಡ ರವಿವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ವಾಪಸ್ ಬಾ ಎನ್ನುವ ಧೈರ್ಯವೂ ಅವನಿಗಿರಲಿಲ್ಲ.

ಅಲ್ಲಿರುವಾಗಲೇ ನಮ್ಮ ಓಣಿಯ ಬಟ್ಟೆ ಹೊಲಿಯುವ ಹೆಂಗಸಿಗೆ ಅದೇ ರೋಗ ಬಂತು. ಅಕ್ಕ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತ ಅವಳ ಜೊತೆ ಮಿರಜಿನ ಅದೇ ಆಸ್ಪತ್ರೆಗೆ ಹೊರಟಳು. ನಾನೂ ಹೋದೆ. ಡಾಕ್ಟರ್ ಎಂದಿನಂತೆ ಆ ಹೆಂಗಸಿನ ಗಂಡನನ್ನು ಹೊರಗೆ ಕರೆದಾಗ ಅಕ್ಕ ಕುರ್ಚಿಯಿಂದ ಏಳದೆ, "ಇಲ್ಲೇ ಹೇಳ್ರಿ ಡಾಕ್ಟರ, ಆಕೀ ಮುಂದ ಹೇಳ್ರಿ" ಎಂದಳು. ಹೇಳಿದರು. ಅವಳಿಗೆ ಬರೀ ನಾಲ್ಕು ಸಲ ಸಾಕಂತೆ, ಹೃದಯಕ್ಕೆ ಅಪಾಯ ಕಡಿಮೆಯಂತೆ, ಬೇಕೆಂದರೆ ಆ ಇಂಜೆಕ್ಷನ್ ತರಿಸಬಹುದಂತೆ. ಹೆಂಗಸು ಬಹಳ ಹೊತ್ತು ಯೋಚಿಸಿ, ಮತ್ತೆರಡು ಪ್ರಶ್ನೆ ಕೇಳಿ, ಬೇಡ ಎಂದಳು. ಬಸ್ಸಿನಲ್ಲಿ ನಾನು ಅಕ್ಕನ ಮೇಲೆ ರೇಗಿದೆ, ಅವಳಿಗೆ ತಿಳಿಸಿ ಹೇಳಬಾರದಿತ್ತೇ ಎಂದು. "ಆಕೀನ ಹೇಳಿದ್ಲಲ್ಲ ಬೇ, ಬ್ಯಾಡಂತ" ಎಂದಳು ಅಕ್ಕ. ಅವಳ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಆ ಹೆಂಗಸು ಇವತ್ತಿಗೂ ಮಷಿನ್ ತುಳಿಯುತ್ತಾಳೆ.

ಅಕ್ಕ ತೀರಿಕೊಂಡದ್ದು ಮಳೆಗಾಲದ ಮೊದಲಿಗೆ, ಒಂದು ಮಧ್ಯಾಹ್ನ, ಕಸೂತಿಯ ರಿಂಗು ಮಡಿಲಲ್ಲಿದ್ದಾಗ. ಕ್ಯಾನ್ಸರ್ ಕೊನೆಯವರೆಗೂ ಮರಳಲಿಲ್ಲ.

ಆ ವರ್ಷ ಜೈನರ ಹತ್ತು ದಿನದ ಪರ್ವ ಮುಗಿದ ಮರುದಿನ ಅವಳ ಮಾವ ನನ್ನ ಮನೆಗೆ ಬಂದ. ನಮ್ಮಲ್ಲಿ ಆ ದಿನ ಎಲ್ಲರೂ ಎಲ್ಲರಲ್ಲಿ ಕ್ಷಮೆ ಕೇಳುತ್ತಾರೆ, ಕೇಳಿದವರಿಗೆ ಇಲ್ಲ ಎನ್ನುವ ಪದ್ಧತಿಯಿಲ್ಲ. ಬಾಗಿಲಲ್ಲಿ ನಿಂತು ಆ ಮುದುಕ ಕೈಮುಗಿದ. "ಉತ್ತಮ ಕ್ಷಮಾ, ತಂಗಿ. ನನಗ ತಿಳೀಲಿಲ್ಲ" ಎಂದ. ಒಳಗೆ ಕರೆದೆ, ಕುರ್ಚಿ ಹಾಕಿದೆ, ನೀರು ಕೊಟ್ಟೆ.

"ಕಾಕಾ, ಅದನ್ನ ನೀವು ನನ್ನ ಕೇಳಿದ್ರ ನಡೆಯೂದಿಲ್ರಿ" ಎಂದೆ. "ಕೇಳಬೇಕಾದಾಕಿ ಇಲ್ಲ."

ಅವನು ನೀರು ಕುಡಿದು ಎದ್ದು ಹೋದ. ಧರ್ಮ ಬಲ್ಲವರು ನಾನು ಮಾಡಿದ್ದು ಪಾಪ ಎಂದರು. ಇರಬಹುದು.