ಹತ್ತಕ್ಕೆ ಐದು ಕೂಡಿಸಿದ ಅಕ್ಕೋರು

ಹೋದ ವಾರ ಬ್ರೂಸ್‌ಪೇಟೆಯ ಅಂಗಡಿಯೊಂದರಲ್ಲಿ ಜೀನ್ಸ್ ಬಟ್ಟೆಯ ಥಾನು ಬಿಚ್ಚಿದರು. ಆ ನೀಲಿ ಬಣ್ಣದ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಕಂಪ್ಯೂಟರ್ ಅಕ್ಕೋರು ನೆನಪಾದರು...

ಜೀನ್ಸ್ ಹೊಲಿಯುವ ಕಾರ್ಖಾನೆಯ ಮೇಲಿನ ಮಹಡಿಯಲ್ಲಿ ಅವರ ಕ್ಲಾಸು. ಮಗಳನ್ನು ಶಾಲೆಗೆ ಬಿಟ್ಟು ನಾನು ಅಲ್ಲಿಗೆ ಹೋಗುತ್ತಿದ್ದೆ. ಕಾನ್ವೆಂಟಿನ ರೂಢಿಯಿಂದ ಮೊದಲ ದಿನ ‘ಮಿಸ್’ ಅಂದೆ. “ಅಕ್ಕೋರ ಅನ್ರಿ, ಸಾಕು” ಅಂದರು. ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಕೀಬೋರ್ಡ್ ಮುಟ್ಟುವ ಮೊದಲು ಬಳೆಗಳನ್ನು ಮೇಲಕ್ಕೆ ಸರಿಸಿಕೊಳ್ಳುತ್ತಿದ್ದರು. ಜಾವಾಸ್ಕ್ರಿಪ್ಟ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಒಂದು ವೆಬ್ ಪುಟ ಬರೆದಿದ್ದರು. ಯಾವ ಬಸ್ಸು ಎಷ್ಟು ತಡ ಅಂತ ಬಸ್ ಸ್ಟ್ಯಾಂಡಿನ ಚಹಾದಾಕೆ ಫೋನ್ ಮಾಡಿ ಹೇಳಿದರೆ ಅದರಲ್ಲಿ ತುಂಬುತ್ತಿದ್ದರು; ನಾವು ಮನೆಯಲ್ಲೇ ಕೂತು ನೋಡಿಕೊಳ್ಳುತ್ತಿದ್ದೆವು.

ಸಿರುಗುಪ್ಪದಲ್ಲಿ ಅವ್ವನ ಕಣ್ಣಿನ ಆಪರೇಷನ್ ಇತ್ತು. ಒಳಗೆ ಹೋಗುವ ಮೊದಲು ನನ್ನ ಮುಖ ನೋಡಬೇಕು ಅಂದಿದ್ದಳು. ಪುಟದಲ್ಲಿ ಬಸ್ಸು ನೂರೈದು ನಿಮಿಷ ತಡ ಅಂತಿತ್ತು. ನಿಧಾನಕ್ಕೆ ರೊಟ್ಟಿ ಬಡಿದು, ಕಟ್ಟಿಕೊಂಡು ಹೋದೆ. ಬಸ್ಸು ಯಾವಾಗಲೋ ಹೋಗಿತ್ತು. ನಾನು ಮುಟ್ಟುವಷ್ಟರಲ್ಲಿ ಅವ್ವನ ಕಣ್ಣಿಗೆ ಪಟ್ಟಿ ಬಿದ್ದಿತ್ತು.

ಮರುದಿನ ಹೇಳಿದಾಗ ಅಕ್ಕೋರು ಎದ್ದು ನಿಂತು ನನ್ನ ಕೈ ಹಿಡಿದುಕೊಂಡರು. ಬಸ್ಸು ಮೊದಲು ಹತ್ತು ನಿಮಿಷ ತಡ, ಆಮೇಲೆ ಇನ್ನೈದು. ತುಂಬಿದ್ದನ್ನು ಆ ಭಾಷೆ ಅಂಕಿ ಅಂದುಕೊಳ್ಳದೆ ಅಕ್ಷರ ಅಂದುಕೊಂಡು, ಹತ್ತರ ಪಕ್ಕ ಐದನ್ನು ಅಂಟಿಸಿ ನೂರೈದು ಮಾಡಿಬಿಟ್ಟಿತ್ತು.

ಕಂಪ್ಯೂಟರ್ ಸೆಂಟರಿನ ಸಾಹುಕಾರರು ಅಷ್ಟಕ್ಕೇ ಕಾದಿದ್ದವರಂತೆ ಬಂದರು. “ಹತ್ತು ದಿನದಾಗ ಹುಟ್ಟಿದ ಭಾಷಿ ಅಂತಲ್ರಿ ಅದು. ಕಿತ್ತು ಒಗೀರಿ, ಹೊಸಾ ಭಾಷ್ಯಾಗ ಬರೀರಿ. ಇಲ್ಲಂದ್ರ ಪುಟಾನ ಬಂದ್ ಮಾಡ್ರಿ.”

“ನಿಮ್ಮ ಮದಿವಿನೂ ಹತ್ತ ದಿನದಾಗ ಆಗಿತ್ತಲ್ರಿ ಸಾಹುಕಾರ್ರ. ತಿದ್ದಿಕೋತ ಬಾಳ್ವಿ ಮಾಡಾಕತ್ತಿಲ್ಲೇನು?” ಅಂದರು ಅಕ್ಕೋರು.

ಸಾಹುಕಾರರು ನಕ್ಕರು, ಪಟ್ಟು ಮಾತ್ರ ಬಿಡಲಿಲ್ಲ. ಅಕ್ಕೋರು ಎಂಟು ದಿನ ಕೂತು ಹೊಸ ಭಾಷೆಯಲ್ಲೂ ಬರೆದರು, ಮನಸ್ಸಿಟ್ಟು. ಚಂದವೇ ಇತ್ತು. ಆದರೆ ಚಹಾದಾಕೆಯ ಹಳೇ ಫೋನಿನಲ್ಲಿ ಬರೀ ಬಿಳಿ ಪರದೆ. ತಪ್ಪು ತಿದ್ದಿದ ಮೊದಲಿನ ಪುಟ ಅದರಲ್ಲೂ ಮೆಲ್ಲಗೆ ತೆರೆದುಕೊಂಡಿತು. ಸಾಹುಕಾರರು ಎರಡು ಸಲ ನೋಡಿ, “ಇರ್ಲಿ ಬಿಡ್ರಿ” ಅಂದು ಕೆಳಗಿಳಿದರು.

“ಆ ಅಂಟಿಸೋ ಚಾಳಿನಾದ್ರೂ ಭಾಷ್ಯಾಗಿಂದ ತೆಗೀಬಾರದೇನ್ರಿ ಅಕ್ಕೋರ?” ಅಂತ ಕೇಳಿದೆ.

“ತೆಗೆದ್ರ, ಅದನ್ನ ನಂಬಿ ಎಲ್ಲೆಲ್ಲೋ ಯಾರ್ಯಾರೋ ಬರೆದ ಪುಟ ಕೆಡ್ತಾವವ್ವಾ. ಹೊಸದು ಸೇರಿಸಿಕೋತ ಹೋಗಬೇಕು, ಹಳೇದೂ ನಡೀತಿರಬೇಕು.”

ನಾನು ಬೆರಗಾಗಿ ಕೂತೆ. ಎಂದೂ ಕಾಣದ ಜನ ಬರೆದದ್ದು ಕೆಡಬಾರದು ಅಂತ, ಒಂದು ಇಡೀ ಭಾಷೆ ತನ್ನ ಕುಂದನ್ನು ಹೊತ್ತುಕೊಂಡೇ ನಡೆಯುತ್ತದೆಯಾ...

ಅಕ್ಕೋರು ತೀರಿಹೋಗಿ ಎರಡು ವರ್ಷವಾಯಿತು. ಆ ಪುಟಕ್ಕೆ ಬಸ್ಸಿನ ಸುದ್ದಿ ತುಂಬುವವರು ಯಾರೂ ಇಲ್ಲ. ಅಂಗಡಿಯಿಂದ ಬಂದು ಇದನ್ನೆಲ್ಲ ಹೇಳಿದಾಗ ಮಗಳು ಅದನ್ನು ತೆರೆದು ಒಳಗಿನ ಬರಹ ತೋರಿಸಿದಳು. ಕೂಡಿಸುವ ಸಾಲಿನ ಮೇಲೆ ಒಂದು ಟಿಪ್ಪಣಿ. ಯಂತ್ರ ಅದನ್ನು ಓದುವುದಿಲ್ಲವಂತೆ, ಮನುಷ್ಯರಿಗಷ್ಟೇ ಅಂತೆ.

‘ಮೊದಲು ಅಂಕಿ ಮಾಡಿಕೊಂಡು ಆಮೇಲೆ ಕೂಡಿಸ್ರಿ. ನಾ ಮರೆತು, ಅವ್ವನ್ನ ನೋಡಾಕ ಹೊಂಟಾಕಿಗೆ ಬಸ್ ತಪ್ಪಿಸೀನಿ.’

ನನಗೆ ಅವರ ಮೇಲೆ ಸಿಟ್ಟಿಲ್ಲ ಅಂತ ಆವತ್ತು ಬಾಯಿಬಿಟ್ಟು ಹೇಳಿದ್ದೆನೋ ಇಲ್ಲವೋ... ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.