ಅಲುಗಾಡದ ಬೆಳ್ಳಿ ಬಟ್ಟಲು

೧೯೬೧ರ ಬೇಸಿಗೆ. ಆಗಷ್ಟೇ ಬಿ.ಎ. ಪರೀಕ್ಷೆ ಮುಗಿಸಿದ್ದ ನನಗೆ ಇಪ್ಪತ್ತೊಂದು ವರ್ಷ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ಸತತವಾಗಿ ಬಹುಮಾನ ಪಡೆದಿದ್ದೆ. ಸರಿಯಾದ ವಾದವನ್ನು ಸರಿಯಾದ ಕ್ರಮದಲ್ಲಿ ಮುಂದಿಟ್ಟರೆ ಯಾರ ಮನಸ್ಸನ್ನಾದರೂ ತಿರುಗಿಸಬಹುದೆಂದು ಪ್ರಾಮಾಣಿಕವಾಗಿ ನಂಬಿದ್ದೆ. ಮೂಢನಂಬಿಕೆಯಿಲ್ಲದ ಸಮಾಜವನ್ನು ಕಟ್ಟುವುದು ನನ್ನ ಹಂಬಲವಾಗಿತ್ತು. ಆ ಕಟ್ಟುವ ಕೆಲಸವನ್ನು ನಾನು ಆರಂಭಿಸಿದ್ದು ಜಯನಗರದಲ್ಲಿ, ನಮ್ಮ ಪಕ್ಕದ ಮನೆಯಲ್ಲಿ.

ಆ ಮನೆಯಲ್ಲಿ ವೆಂಕಮ್ಮನವರು ಮತ್ತು ಅವರ ಸೊಸೆ ಕಮಲಾ ಇಬ್ಬರೇ ಇದ್ದರು. ವೆಂಕಮ್ಮನವರ ಒಬ್ಬನೇ ಮಗ ರಘು ಟೈಫಾಯಿಡ್ ಬಂದು ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಕಮಲಾಗೆ ಆಗಿನ್ನೂ ಹತ್ತೊಂಬತ್ತು.

ಸತ್ತವರನ್ನು ಕರೆಸಿ ಮಾತಾಡಿಸುವ, ಯಾರೋ ನೆಂಟರ ಮನೆಯಲ್ಲಿ ನೋಡಿಬಂದ ಪ್ಲಾಂಚೆಟ್ಟನ್ನು ವೆಂಕಮ್ಮನವರು ತಮ್ಮ ಮನೆಗೆ ಒಗ್ಗಿಸಿಕೊಂಡಿದ್ದರು. ಪ್ರತಿ ಶುಕ್ರವಾರ ಮಧ್ಯಾಹ್ನ ಊಟದ ಮಣೆಯೊಂದನ್ನು ತೊಳೆದು ಒರೆಸಿ, ಅದರ ಅಂಚಿನ ಸುತ್ತಲೂ ಸೀಮೆಸುಣ್ಣದಲ್ಲಿ ಅಕ್ಷರಮಾಲೆಯನ್ನೂ ಎರಡು ಮೂಲೆಗಳಲ್ಲಿ ‘ಹೌದು’, ‘ಇಲ್ಲ’ ಎಂದೂ ಬರೆಯುವರು. ರಘು ಮಗುವಾಗಿದ್ದಾಗ ಹಾಲು ಕುಡಿದ ಬೆಳ್ಳಿ ಬಟ್ಟಲನ್ನು ನಡುವೆ ಬೋರಲು ಹಾಕುವರು. ಅದರ ಮೇಲೆ ಅತ್ತೆ, ಸೊಸೆ ಮತ್ತು ಎದುರುಮನೆಯ ಪುಟ್ಟತಾಯಮ್ಮ ಒಂದೊಂದು ಬೆರಳಿಡುವರು. ಪಕ್ಕದಲ್ಲಿ ರಘುವಿನ ಲೋಟದಲ್ಲಿ ಬಿಸಿ ಕಾಫಿ. ಕೇಳಿದ್ದಕ್ಕೆಲ್ಲ ಬಟ್ಟಲು ಅಕ್ಷರದಿಂದ ಅಕ್ಷರಕ್ಕೆ ಸರಿದು ಉತ್ತರ ಕೊಡುತ್ತಿತ್ತು.

ಮಗ ಹೋದ ಮೇಲೆ ಒಪ್ಪೊತ್ತಿಗೆ ಇಳಿದಿದ್ದ ವೆಂಕಮ್ಮನವರು ಮತ್ತೆ ಎರಡು ಹೊತ್ತು ಊಟಮಾಡತೊಡಗಿದ್ದು ಬಟ್ಟಲು ಹೇಳಿದ್ದರಿಂದ. ಎಸ್.ಎಸ್.ಎಲ್.ಸಿ. ಪಾಸಾಗಿ ಮನೆಯಲ್ಲಿದ್ದ ಕಮಲಾ ಜೂನ್‌ನಲ್ಲಿ ಟೀಚರ್ಸ್ ಟ್ರೈನಿಂಗ್ ಸೇರುವುದೆಂದು ನಿಶ್ಚಯವಾದದ್ದೂ ಬಟ್ಟಲು ಹೇಳಿದ್ದರಿಂದಲೇ. ಗಂಡ ಸತ್ತವಳು ಬೀದಿ ಸುತ್ತುವುದೇ ಎಂದು ಎಗರಾಡಿದ ನೆಂಟರಿಗೆ ವೆಂಕಮ್ಮನವರದು ಒಂದೇ ಉತ್ತರ: “ರಘುನೇ ಹೇಳಿದಾನೆ, ಓದ್ಲಿ ಅಂತ. ಅವನ ಮಾತು ಮೀರಕ್ಕಾಗತ್ಯೇ?”

ಇದೆಲ್ಲ ನನಗೆ ಗೊತ್ತಿತ್ತು. ಆದರೆ ಒಳ್ಳೆಯ ಕೆಲಸವೂ ಸುಳ್ಳಿನ ಮೇಲೆ ನಿಲ್ಲಬಾರದೆಂಬುದು ನನ್ನ ಸಿದ್ಧಾಂತ. ಮೊದಲು ಸುಳ್ಳನ್ನು ಕೆಡವಬೇಕು. ಆಮೇಲೆ ಸ್ತ್ರೀಶಿಕ್ಷಣದ ಪರವಾಗಿ ವಾದಿಸಿ ವೆಂಕಮ್ಮನವರನ್ನು ವಿಚಾರಬಲದಿಂದಲೇ ಒಪ್ಪಿಸಬೇಕು. ಅದಕ್ಕೆ ಭಾಷಣವನ್ನೂ ಬರೆದಿಟ್ಟುಕೊಂಡಿದ್ದೆ. ಬರುವ ಶುಕ್ರವಾರ ಬಟ್ಟಲನ್ನು ಪರೀಕ್ಷಿಸಲು ವೆಂಕಮ್ಮನವರ ಒಪ್ಪಿಗೆ ಕೇಳಿದೆ. ಮಗನ ಮೇಲೆ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ, ನಕ್ಕು ಒಪ್ಪಿದರು.

ಗುರುವಾರ ಸಂಜೆ ಕಮಲಾ ಕಾಂಪೌಂಡಿನ ಆಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದವಳು ನನ್ನನ್ನು ಕಂಡು ನಿಂತಳು.

“ನಾಳೆ ಪರೀಕ್ಷೆ ಮಾಡಕ್ಕೆ ಬರ್ತೀರಂತೆ?”

“ಬರ್ತೀನಿ.”

“ಜೂನ್ ಕಳೀಲಿ ಶ್ರೀಕಂಠಯ್ಯ. ಆಮೇಲೆ ಏನು ಬೇಕಾದ್ರೂ ಮಾಡಿ.”

“ಸತ್ಯಕ್ಕೆ ಜೂನ್ ಏನು, ಜುಲೈ ಏನು?” ಎಂದೆ.

ಅವಳು ಬಟ್ಟೆಯನ್ನು ಎದೆಗವಚಿಕೊಂಡು ಒಳಗೆ ಹೋದಳು. ಎದುರಾಳಿ ತಡವರಿಸಿದಾಗ ವೇದಿಕೆಯ ಮೇಲೆ ಬರುವ ಹುರುಪು ನನಗೆ ಬಂದಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಮರುದಿನ ನಾನು ಹೊಸ್ತಿಲು ದಾಟುತ್ತಿದ್ದಂತೆ ಪುಟ್ಟತಾಯಮ್ಮ, “ಬಾಪ್ಪಾ ಡಿಬೇಟ್ ಪಂಡಿತ! ಸತ್ತೋರ ಜೊತೇಲೂ ವಾದ ಮಾಡಿ ಕಪ್ ತಗೊಂಡ್ ಹೋಗ್ತೀಯೋ?” ಎಂದು ಕಿಚಾಯಿಸಿದರು. ಎಲ್ಲರೂ ನಕ್ಕರು, ಕಮಲಾಳ ಹೊರತು.

“ರಘೂ, ಬಂದ್ಯೇನಪ್ಪಾ?” ಎಂದರು ವೆಂಕಮ್ಮನವರು. ಬಟ್ಟಲು ‘ಹೌದು’ ಎಂಬಲ್ಲಿಗೆ ಓಡಿತು.

ನನ್ನ ಪರೀಕ್ಷೆ ಸರಳವಾಗಿತ್ತು: ಪ್ರತಿ ಸಲ ಒಬ್ಬರು ಬೆರಳು ತೆಗೆಯಬೇಕು. ಪುಟ್ಟತಾಯಮ್ಮ ತೆಗೆದರು, ಬಟ್ಟಲು ಓಡಿತು. ವೆಂಕಮ್ಮನವರು ತೆಗೆದರು, ಆಗಲೂ ಓಡಿತು. “ಈಗ ಕಮಲಾ” ಎಂದೆ. ಅವಳು ಒಂದು ಗಳಿಗೆ ಹಾಗೇ ಕುಳಿತಿದ್ದು, ಬೆರಳು ತೆಗೆದು ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು.

“ರಘೂ?” ಎಂದರು ತಾಯಿ. ಬಟ್ಟಲು ಅಲುಗಲಿಲ್ಲ. “ಇದೀಯೇನೋ, ಮರೀ?” ಎಂದರು. ಲೋಟದ ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು.

“ಬಟ್ಟಲನ್ನು ನಡೆಸ್ತಿದ್ದೋರು ಯಾರು ಅಂತ ಈಗ ರುಜುವಾತಾಯ್ತಲ್ಲ?” ಎಂದೆ ನಾನು.

ವೆಂಕಮ್ಮನವರು ಸೊಸೆಯ ಕಡೆ ತಿರುಗಿದರು. “ಹಾಗಾದ್ರೆ, ಓದ್ಲಿ ಅಂದಿದ್ದು ನೀನೇನೇ?”

“ಹೌದು ಅತ್ತೆ. ಊಟ ಮಾಡಿ ಅಂದಿದ್ದೂ ನಾನೇ.”

ನಾನು ಆಗಲೂ ಸುಮ್ಮನಿರಲಿಲ್ಲ. ಸಿದ್ಧಪಡಿಸಿದ್ದ ಭಾಷಣವನ್ನು ಆರಂಭಿಸಿಯೇಬಿಟ್ಟೆ. “ಅಮ್ಮಾ, ಹೇಳಿದ್ದು ಯಾರಾದ್ರೇನು, ವಿಷಯ ಸರಿಯಾಗೇ ಇದೆ. ಹೆಣ್ಣುಮಕ್ಕಳು ಓದೋದಕ್ಕೆ ಮೂರು ಕಾರಣಗಳಿವೆ. ಮೊದಲನೇದಾಗಿ…”

“ನಿಲ್ಸಪ್ಪಾ,” ಎಂದರು ವೆಂಕಮ್ಮನವರು. “ನೀನ್ ಹೇಳಿದ್ ಕೇಳಕ್ಕೆ ನೀನೇನು ನನ್ ಮಗನಾ?”

ಕಾಲೇಜಿನಲ್ಲಿ ಯಾರೂ ನನಗೆ ಆ ಪ್ರಶ್ನೆ ಕೇಳಿರಲಿಲ್ಲ.

ಹತ್ತು ದಿನಗಳೊಳಗೆ, ವೆಂಕಮ್ಮನವರು ಹೇಳಿಕಳಿಸಿದಂತೆ, ಚಿಂತಾಮಣಿಯಿಂದ ಕಮಲಾಳ ಅಣ್ಣ ಬಂದು ಅವಳನ್ನು ಕರೆದುಕೊಂಡು ಹೋದ. ಓದಿಕೊಳ್ಳಲೆಂದು ನಾನು ಕೊಟ್ಟಿದ್ದ ಸಾಮಾನ್ಯ ವಿಜ್ಞಾನದ ಪುಸ್ತಕವನ್ನು ಅವಳು ನನ್ನ ತಾಯಿಯ ಕೈಗೆ ಕೊಟ್ಟು ಹೋಗಿದ್ದಳು. ಕಾಲುಭಾಗದವರೆಗೆ ಮಾತ್ರ ಪುಟಗಳ ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿದ್ದವು. ಜೂನ್ ಬಂತು, ಹೋಯಿತು.

ಶ್ರಾವಣದ ಒಂದು ಶುಕ್ರವಾರ ವೆಂಕಮ್ಮನವರು ನನ್ನನ್ನು ಕರೆದರು. ಬಹಳ ಇಳಿದುಹೋಗಿದ್ದರು. ಮಣೆಯ ಮೇಲೆ ಅಕ್ಷರಗಳಿರಲಿಲ್ಲ. ‘ಹೌದು’, ‘ಇಲ್ಲ’ ಎಂದಷ್ಟೇ ಬರೆದಿದ್ದರು. ಪಕ್ಕದಲ್ಲಿ ಕಾಫಿ ಇತ್ತು.

“ಪುಟ್ಟತಾಯಿ ಬರೋದ್ ಬಿಟ್ಳು. ಕೂತ್ಕೋ, ಬೆರಳಿಡು,” ಎಂದರು.

ಇಟ್ಟೆ.

“ಕಮಲಾನ ಕಳಿಸಿದ್ದು ತಪ್ಪಾಯ್ತೇನಪ್ಪಾ ರಘೂ? ವಾಪಸ್ ಕರೆಸ್ಕೊಳ್ಲಾ?”

‘ಹೌದು’ ನನ್ನ ಬೆರಳಿನಿಂದ ಒಂದು ಗೇಣು ದೂರದಲ್ಲಿತ್ತು. ಬಟ್ಟಲು ಎಷ್ಟು ಹಗುರವಾಗಿ ಜಾರುತ್ತದೆಂದು ನನಗೆ ತಿಳಿದಿತ್ತು. ಆದರೆ ಸುಳ್ಳಾಡಬಾರದೆಂದು ಬೆರಳನ್ನು ಬಿಗಿಹಿಡಿದು ಕುಳಿತೆ. ಬಟ್ಟಲನ್ನು ತಳ್ಳದೆಯೇ “ಕರೆಸಿಕೊಳ್ಳಿ ಅಮ್ಮಾ” ಎಂದು ಬಾಯಿಬಿಟ್ಟು ಹೇಳಬಹುದಿತ್ತು. ಮಗನಲ್ಲವೆಂದು ಅವರು ಅಂದಿದ್ದ ಮಾತು ಇನ್ನೂ ಚುಚ್ಚುತ್ತಿತ್ತು. ಹೇಳಲಿಲ್ಲ.

ಸ್ವಲ್ಪ ಹೊತ್ತು ಕಾದು ವೆಂಕಮ್ಮನವರು ಸೆರಗಿನ ತುದಿಯಿಂದ ಎರಡು ಮಾತುಗಳನ್ನೂ ಒರೆಸಿದರು. “ಆರೋಗತ್ತೆ, ಕುಡಿ,” ಎಂದು ರಘುವಿನ ಲೋಟವನ್ನು ನನ್ನ ಮುಂದೆ ಸರಿಸಿದರು. ಕುಡಿದೆ. ಆ ವರ್ಷ ದೀಪಾವಳಿಗೆ ಮೊದಲೇ ಅವರು ತೀರಿಕೊಂಡರು.

ಸತ್ತವರು ಬಂದು ಮಾತಾಡುವುದಿಲ್ಲವೆಂದು ಇಂದಿಗೂ ನಂಬುತ್ತೇನೆ. ಸಭೆಗಳಲ್ಲಿ ಹಾಗೆಯೇ ಹೇಳುತ್ತ ಬಂದಿದ್ದೇನೆ. ಆದರೆ ಆ ಮಧ್ಯಾಹ್ನ ವೆಂಕಮ್ಮನವರ ಕಣ್ಣು ಬಟ್ಟಲ ಮೇಲಿರಲಿಲ್ಲ, ನನ್ನ ಮುಖದ ಮೇಲಿತ್ತು ಎಂಬುದು ನನಗೆ ಹೊಳೆಯಲು ಎಷ್ಟೋ ವರ್ಷಗಳು ಬೇಕಾದವು. ಬಟ್ಟಲ ಮೇಲಿರುವ ಬೆರಳು ಯಾರದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಕೇಳಿದ್ದು ನನ್ನನ್ನೇ.