ಉಡದ ಮನೆಯವರ ಕೈ

ಮುತ್ತಾತ ಹೊಳೆಯಲ್ಲಿ ದೋಣಿ ದಾಟಿಸುತ್ತಿದ್ದವನು; ತುಂಬಿದ ನೀರಿನಲ್ಲಿ ಹುಟ್ಟು ಮುರಿದಾಗ ಹಲಗೆಯೊಂದನ್ನು ಹಿಡಿದೇ ದೋಣಿ ತುಂಬ ಜನರನ್ನು ದಡ ಸೇರಿಸಿದ. ಬೆದರಿದ ಜೋಡಿ ಕುದುರೆಯ ಲಗಾಮನ್ನು ಅಜ್ಜ ಅಂಗೈ ಸುಲಿದರೂ ಬಿಡಲಿಲ್ಲ. ಅಪ್ಪ, ಬ್ರೇಕ್ ಹೋದ ಲಾರಿಯನ್ನು ಇಳಿಜಾರಿನಲ್ಲಿ ಬರೀ ಸ್ಟೀರಿಂಗ್ ನಂಬಿ ಇಳಿಸಿದ ಗಂಡಾಳು. ಅದಕ್ಕೇ ಜನ ಆ ಮನೆಯನ್ನು ಉಡದ ಮನೆ ಎಂದರು. ಹಿಡಿದರೆ ಬಿಡುವ ಪೈಕಿಯಲ್ಲ.

ಆ ಹಿಡಿತವೇ ಹಿರಿಮಗನನ್ನು ತಿಂದಿತು.

ಅವನು ಟಪಾಲು, ಔಷಧ ಹೊರುವ ಒಂಟಿ ಎಂಜಿನ್ನಿನ ಪುಟ್ಟ ವಿಮಾನ ಹಾರಿಸುತ್ತಿದ್ದ. ಎತ್ತರ ಕಾಯುವ ಕೆಲಸವನ್ನು ಆಟೋಪೈಲಟ್‌ಗೆ ಒಪ್ಪಿಸಿದ ಮೇಲೂ ಹಿಡಿಕೆಯಿಂದ ಕೈ ತೆಗೆಯುತ್ತಿರಲಿಲ್ಲ. ಅಂದು ಮೂತಿ ತುಸು ಮೇಲೆದ್ದಿತೆಂದು ತಾನೂ ಹಿಡಿಕೆಯನ್ನು ಒತ್ತಿದ. ಅದು ನೆರವೆಂದು ಯಂತ್ರಕ್ಕೇನು ಗೊತ್ತು? ಅವನು ಕೆಳಕ್ಕೆ ಒತ್ತಿದಷ್ಟೂ ಅದು ಮೂತಿಯ ಏರಿಳಿತ ಹೊಂದಿಸುವ ಬಾಲದ ಪಟ್ಟಿಯನ್ನು, ಟ್ರಿಮ್ಮನ್ನು, ಮೂತಿ ಮೇಲೇಳುವ ಕಡೆಗೇ ತಿರುಗಿಸುತ್ತ ಹೋಯಿತು. ಕೊನೆಗೆ ರೋಸಿಹೋಗಿ ಗುಂಡಿ ಒತ್ತಿ ಯಂತ್ರವನ್ನು ಬಿಡಿಸಿ ಕೈ ಸಡಿಲಿಸಿದ್ದೇ ತಡ, ಮೂತಿ ಆಕಾಶಕ್ಕೆ ಎಗರಿತು. ವೇಗ ಸತ್ತು ವಿಮಾನ ಗುಡ್ಡದ ಮೇಲೆ ಬಿತ್ತು.

"ನನ್ನ ಮಗ ಕೈ ಬಿಡೋನಲ್ಲ. ಆ ಯಂತ್ರವೇ ಅವನನ್ನ ನುಂಗ್ತು," ಎಂದು ಅಪ್ಪ ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದ. ವಿಮಾನಗಳ ರೇಡಿಯೊ ರಿಪೇರಿ ಮಾಡುತ್ತಿದ್ದ ಮಗಳು ಮುರಿದ ಬಾಲದಲ್ಲಿ ಟ್ರಿಮ್ ಎಲ್ಲಿ ನಿಂತಿತ್ತೆಂಬುದನ್ನು ಕಣ್ಣಾರೆ ಕಂಡಿದ್ದಳು. ಆದರೂ ಎದುರಾಡಲಿಲ್ಲ. ಹಾರಲು ಕಲಿತು ಅಣ್ಣನ ಕೆಲಸಕ್ಕೇ ಸೇರಿದಳು.

ನೆಲ ಬಿಡುವ ಮೊದಲೇ ಆಟೋಪೈಲಟ್ ಹಾಕಿ, ಬಿಡಿಸುವ ಗುಂಡಿ ಸರಿಯಾಗಿ ಬಿಡಿಸುತ್ತದೆಯೇ ಎಂದು ನೋಡುವಳು. ಅದರ ಫ್ಯೂಸಿಗೆ ಕೆಂಪು ದಾರ ಕಟ್ಟಿದ್ದಳು, ಕಣ್ಣು ಮುಚ್ಚಿದರೂ ಕೈಗೆ ಸಿಗಲೆಂದು. ಮೇಲೇರಿ ಯಂತ್ರಕ್ಕೆ ಒಪ್ಪಿಸಿದ ಮೇಲೆ ಕೈ ಮೊಣಕಾಲ ಮೇಲೆ, ಕಣ್ಣು ವೇಗದ ಮುಳ್ಳಿನ ಮೇಲೆ.

"ಏನವ್ವಾ, ಫೋಟೋಕ್ಕೆ ಕೂತಿದೀಯಾ?" ಎಂದು ಜೊತೆಗೆ ಬರುವ ಸಾಮಾನಿನವನು ಛೇಡಿಸುವನು.

"ಗೋಡೆ ಮೇಲೆ ಒಂದು ಆಗ್ಲೇ ಇದೆ. ಇನ್ನೊಂದು ಬೇಡ ಅಂತಲೇ ಹೀಗೆ ಕೂತಿರೋದು."

ಕಣ್ಣಿನ ಪೊರೆ ತೆಗೆಸಲು ಅಪ್ಪನನ್ನು ಅವಳೇ ಕರೆದೊಯ್ದ ದಿನ, ಮೋಡದೊಳಗೆ ಟ್ರಿಮ್ ಚಕ್ರ ತಾನಾಗಿಯೇ ತಿರುಗತೊಡಗಿತು. ಮೂತಿ ಕೆಳಗಾಯಿತು. ಗುಂಡಿ ಒತ್ತಿದಳು, ನಿಲ್ಲಲಿಲ್ಲ. ಕೆಂಪು ದಾರ ಎಳೆದಳು, ನಿಂತಿತು. ಆದರೆ ಅಷ್ಟರಲ್ಲಿ ಹಿಡಿಕೆ ಕಲ್ಲುಗುಂಡಿನಷ್ಟು ಭಾರವಾಗಿತ್ತು. ಒಂದು ಕೈಯಲ್ಲಿ ಅದನ್ನು ಎದೆಗೆ ಸೆಳೆದುಕೊಂಡು, ಇನ್ನೊಂದರಿಂದ ಚಕ್ರವನ್ನು ಇಷ್ಟಿಷ್ಟೇ ಹಿಂದಕ್ಕೆ ತಿರುಗಿಸುತ್ತ ಹಲ್ಲು ಕಚ್ಚಿದಳು. ಪಕ್ಕದ ಸೀಟಿನ ಮುಂದೂ ಅಂಥದೇ ಹಿಡಿಕೆ. ಅಪ್ಪ ಎರಡೂ ಕೈ ಚಾಚಿದ.

ಇಬ್ಬರೂ ಬದುಕಿ ಇಳಿದರು ನಿಜ. ಆದರೆ ಅಂದಿನಿಂದ ಅಪ್ಪ ಯಂತ್ರವನ್ನು ಬೈದದ್ದಿಲ್ಲ, ತನ್ನ ಲಾರಿಯ ಕಥೆ ಹೇಳಿದ್ದೂ ಇಲ್ಲ. ಮೋಡದೊಳಗೆ ನಡೆದ ಮಾತನ್ನು ನೆರೆಮನೆಯ ನನ್ನೆದುರು ಒಮ್ಮೆ ಹೇಳಿ, ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೂತ.

"ತಾಳು ಮಗಳೇ, ನಾನೂ ಹಿಡೀತೀನಿ!"

"ಮುಟ್ಬೇಡ ಅಪ್ಪಾ! ನೀನು ಎಳೆದ್ರೆ ಭಾರ ಎಷ್ಟಿದೆ ಅಂತ ನನ್ನ ಕೈಗೆ ತಿಳಿಯೋದಿಲ್ಲ. ಅಣ್ಣ ಸತ್ತಿದ್ದೂ ಇಂಥ ಸಹಾಯ ಮಾಡೋಕೆ ಹೋಗಿಯೇ. ಕೈ ಮಡಿಲಲ್ಲಿ ಇಟ್ಕೊಂಡು ಕೂತ್ಕೋ. ನಿನ್ನ ಸಹಾಯ ನಂಗೆ ಬೇಡ."